ಶಾಲೆ ಉಳಿಯಲಿ, ‘ತಾಯ್ನುಡಿ’ಯ ವಾದ ಸಾಕು

ಪ್ರತಿ ವರ್ಷ ನವೆಂಬರ್ ಒಂದು ಬಂತೆಂದರೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ವೀಡಿಯೋ ಬಂದೇ ಬರುತ್ತದೆ. ಕೋರ್ಟಿನಲ್ಲಿ ಅನಂತ ನಾಗ್ ನಿಂತು ಕನ್ನಡ ಶಾಲೆಯ ಪರವಾಗಿ ವಾದಿಸುವ ದೃಶ್ಯ. ಉಪ್ಪಿನಂಗಡಿಯಿಂದ ಒಬ್ಬರು, ದುಬೈಯಿಂದ ಒಬ್ಬರು, ಬೆಂಗಳೂರಿನಿಂದ ಇಬ್ಬರು ಚಪ್ಪಾಳೆಯ ಚಿತ್ರ ಒತ್ತುತ್ತಾರೆ. ಒತ್ತಿದವರ ಮಕ್ಕಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವವರು ಯಾರೂ ಇಲ್ಲ. ಎರಡನೇ ತಾರೀಖಿಗೆ ಗುಂಪು ಮತ್ತೆ ಮದುವೆಯ ಕಾಗದ, ಮಯ್ಯತ್ತಿನ ಸುದ್ದಿಗೆ ಮರಳುತ್ತದೆ.

ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರ ಆಗಸ್ಟಿನಲ್ಲಿ ತೆರೆಗೆ ಬಂತು. ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರ ಎಂದು ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ನಮ್ಮ ಮನೆಗಳಲ್ಲಿ ಉಮ್ಮ, ಉಪ್ಪ, ಮಕ್ಕಳು ಒಟ್ಟಿಗೆ ಕೂತು ಸಂಕೋಚವಿಲ್ಲದೆ ನೋಡಬಹುದಾದ ಕನ್ನಡ ಸಿನಿಮಾಗಳು ಕಡಿಮೆ. ಇದು ಅಂಥದ್ದೊಂದು. ನನಗೂ ಇಷ್ಟ. ‘ಶಾಲೆ ಮುಚ್ಚಬೇಡಿ’ ಎಂಬ ಅದರ ಬೇಡಿಕೆ ನನ್ನದೂ ಹೌದು.

ನನ್ನ ಜಗಳ ಇರುವುದು ಆ ಬೇಡಿಕೆಗೆ ಸಿನಿಮಾ ಕೊಡುವ ಕಾರಣದ ಜೊತೆ. ಕನ್ನಡ ಶಾಲೆ ಯಾಕೆ ಉಳಿಯಬೇಕು? ಮಗುವಿಗೆ ತನ್ನ ತಾಯ್ನುಡಿಯಲ್ಲಿ ಕಲಿಯುವ ಹಕ್ಕು ಇದೆ, ಅದಕ್ಕೆ. ಸಿನಿಮಾದ ವಾದ ಕೊನೆಗೆ ಬಂದು ನಿಲ್ಲುವುದು ಇಲ್ಲಿ, ಥಿಯೇಟರಿನಲ್ಲಿ ಚಪ್ಪಾಳೆ ಬೀಳುವುದೂ ಇಲ್ಲಿಯೇ. ಈ ಕಾರಣವನ್ನು ಬ್ಯಾರಿಗಳಾದ ನಾವು ಒಪ್ಪಿಬಿಟ್ಟರೆ ಶಾಲೆಯ ಗೇಟಿನಿಂದ ಹೊರಗೆ ನಿಲ್ಲುವವರಲ್ಲಿ ನಮ್ಮ ಮಕ್ಕಳೇ ಮೊದಲಿಗರು. ಯಾಕೆಂದರೆ ಕನ್ನಡ ನಮ್ಮ ತಾಯ್ನುಡಿಯಲ್ಲ. ನಮ್ಮ ಉಮ್ಮ ನಮ್ಮನ್ನು ಮೋನು, ಮೋಳು ಎಂದು ಕರೆದದ್ದು ಬ್ಯಾರಿಯಲ್ಲಿ.

ಇದನ್ನು ನಾನು ಸೊಲ್ಲಾಪುರದಲ್ಲಿ ಕೂತು ಬರೆಯುತ್ತಿದ್ದೇನೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಇಲ್ಲಿಯ ಚಾದರ, ಟವೆಲುಗಳನ್ನು ನಮ್ಮೂರ ಕಡೆಯ ಅಂಗಡಿಗಳಿಗೆ ಕಳಿಸುವುದು ನನ್ನ ವ್ಯಾಪಾರ. ವಸೂಲಿಗೂ ಸರಕಿಗೂ ಅಕ್ಕಲಕೋಟೆ, ದುಧನಿ ಕಡೆ ಹೋಗುತ್ತಿರುತ್ತೇನೆ. ಅಲ್ಲಿ ಅಂಗಡಿಯ ಬೋರ್ಡು ಮರಾಠಿಯಲ್ಲಿ, ಗಿರಾಕಿಯ ಜೊತೆ ಚೌಕಾಶಿ ಕನ್ನಡದಲ್ಲಿ. ನಮ್ಮ ದಕ್ಷಿಣ ಕನ್ನಡದ ಕನ್ನಡ ಕೇಳಿ “ಸಾಹೇಬ್ರ, ನಿಮ್ದು ಪುಸ್ತಕದಾಗಿನ ಕನ್ನಡ ಐತಿ ನೋಡ್ರಿ” ಎಂದು ನಗುತ್ತಾರೆ. ಕಾಸರಗೋಡಿನ ಕಥೆಯನ್ನು ಇಲ್ಲಿ ಕೂತು ನೋಡಿದಾಗ ಮಂಗಳೂರಿನಲ್ಲಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ಎರಡು ಊರು, ಒಂದೇ ಗೆರೆ

ಕಾಸರಗೋಡಿಗೂ ಅಕ್ಕಲಕೋಟೆಗೂ ಏನು ಸಂಬಂಧ ಎಂದು ಕೇಳಬಹುದು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ಆದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಸೊಲ್ಲಾಪುರ ಮತ್ತು ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿದವು. ಹತ್ತು ವರ್ಷದ ನಂತರ, 1966ರಲ್ಲಿ, ಕೇಂದ್ರ ಸರಕಾರ ಮಹಾಜನ ಆಯೋಗ ನೇಮಿಸಿತು. 1967ರ ಅದರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ಕಡೆಯ ಹಳ್ಳಿಗಳನ್ನೂ ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದಿತು. ನಿಪ್ಪಾಣಿ, ಖಾನಾಪುರ ಕಡೆಯ ಊರುಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದೂ ಹೇಳಿತು. ಯಾವುದೂ ಜಾರಿಗೆ ಬರಲಿಲ್ಲ. ವರದಿ ಕಪಾಟಿನಲ್ಲಿ ಉಳಿಯಿತು, ಮಕ್ಕಳು ಮಾತ್ರ ಶಾಲೆಗೆ ಹೋಗುತ್ತಲೇ ಇದ್ದರು.

ಹಾಗಾಗಿ ಆ ಸಿನಿಮಾದ ಶಾಲೆಯಂಥವು ಇಲ್ಲಿಯೂ ಇವೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು. ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ ಕನ್ನಡದಲ್ಲೂ ಪಠ್ಯ ಅಚ್ಚು ಹಾಕುತ್ತದೆ. ಸಿನಿಮಾದ ಸಂಕಟವೂ ಇಲ್ಲಿಯದೇ. ಸಿನಿಮಾದಲ್ಲಿ ಕನ್ನಡ ಬಾರದ ಮೇಷ್ಟ್ರು ಕನ್ನಡ ಶಾಲೆಗೆ ಬರುತ್ತಾರಲ್ಲ? ಪಕ್ಕದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಿದರೆಂದು 2024ರಲ್ಲಿ ದೊಡ್ಡ ಸುದ್ದಿಯಾಯಿತು. ಸಿನಿಮಾ ನೋಡಿ ನಕ್ಕವರಿಗೆ ಆ ಸುದ್ದಿ ಓದಿ ನಗು ಬಂದಿರಲಿಕ್ಕಿಲ್ಲ.

ಆ ಶಾಲೆಯಲ್ಲಿ ಕೂತವರ ಮನೆ ಮಾತು ಯಾವುದು?

ಅಕ್ಕಲಕೋಟೆಯ ಗೆಳೆಯರೊಬ್ಬರ ಮನೆಯಲ್ಲಿ ಒಂದು ಭಾನುವಾರ ಈ ಸಿನಿಮಾ ಹಾಕಿದ್ದೆವು. ಓಣಿಯ ಏಳೆಂಟು ಮಕ್ಕಳು ಬಂದು ಕೂತವು. ಎಲ್ಲರೂ ಒಂದೇ ಕನ್ನಡ ಶಾಲೆಯವರು. ಪ್ರವೀಣನ ಪೇಚಾಟಕ್ಕೆ, ಭುಜಂಗನ ಭಂಡತನಕ್ಕೆ ಮಕ್ಕಳು ಉರುಳಾಡಿ ನಕ್ಕವು. ಕೋರ್ಟಿನ ದೃಶ್ಯ ಮುಗಿದ ಮೇಲೆ ಆರನೇ ಕ್ಲಾಸಿನ ಹುಡುಗನೊಬ್ಬ ನನ್ನ ಕಡೆ ತಿರುಗಿ ಕೇಳಿದ: “ಚಾಚಾ, ನಮ್ಮ ಮನ್ಯಾಗ ಯಾರೂ ಕನ್ನಡ ಮಾತಾಡಂಗಿಲ್ಲ. ಹಂಗಾರ ಈ ಸಾಲಿ ನಂದಲ್ಲೇನು?”

ಅವನ ಮನೆಯಲ್ಲಿ ದಖನಿ ಉರ್ದು. ಅವನ ಪಕ್ಕದಲ್ಲಿ ಕೂತ ಹುಡುಗಿಯ ಮನೆಯಲ್ಲಿ ಲಂಬಾಣಿ. ಇನ್ನೊಬ್ಬನ ಅಪ್ಪ ಸೊಲ್ಲಾಪುರದ ಪವರ್‌ಲೂಮಿನಲ್ಲಿ ದುಡಿದು ಬಂದವರು, ಮನೆಯಲ್ಲಿ ತೆಲುಗು. ಒಬ್ಬಳ ತಾಯಿ ಮರಾಠಿ, ತಂದೆ ಕನ್ನಡ. ಏಳೆಂಟು ಮಕ್ಕಳಲ್ಲಿ ಮನೆಯಲ್ಲಿ ಬರೀ ಕನ್ನಡವೇ ಆಡುವವರು ಮೂವರು. ಉಳಿದವರನ್ನು ಆ ಶಾಲೆಗೆ ಕರೆತಂದದ್ದು ತಾಯ್ನುಡಿಯಲ್ಲ. ಶಾಲೆ ಹತ್ತಿರ ಇತ್ತು, ಅಕ್ಕ ಅಣ್ಣ ಅಲ್ಲೇ ಓದಿದ್ದರು, ಸಂತೆಯ ಮಾತು ಕನ್ನಡ, ಅಷ್ಟೆ. ಅನಂತ ನಾಗ್ ಅವರ ಪಾತ್ರ ಗೆದ್ದು ಕೊಡುವ ವಾದವನ್ನು ಆ ಓಣಿಗೆ ತಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ತಮ್ಮ ಶಾಲೆಯಲ್ಲೇ ಅತಿಥಿಗಳಾಗುತ್ತಾರೆ.

ಸಿನಿಮಾದ ಊರನ್ನೇ ತೆಗೆದುಕೊಳ್ಳೋಣ. ಕಾಸರಗೋಡು, ಮಂಜೇಶ್ವರ, ಕುಂಬಳೆಯ ಕನ್ನಡ ಶಾಲೆಗಳಲ್ಲಿ ಕೂರುವ ಮಕ್ಕಳ ಮನೆಗಳಲ್ಲಿ ತುಳು ಇದೆ, ಕೊಂಕಣಿ ಇದೆ, ಹವ್ಯಕ ಕನ್ನಡ ಇದೆ, ಮರಾಟಿ ಇದೆ, ಮಲಯಾಳಂ ಇದೆ, ನಮ್ಮ ಬ್ಯಾರಿ ಇದೆ. ಕಾಸರಗೋಡಿನ ಕನ್ನಡವನ್ನು ದೊಡ್ಡದು ಮಾಡಿದವರು ಯಾರು? ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈ, ಮನೆ ಮಾತು ಕೊಂಕಣಿ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಬದುಕಿಡೀ ಹೋರಾಡಿ 2015ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈ, ಮನೆ ಮಾತು ತುಳು. ಕಾಸರಗೋಡಿನ ಚಂದ್ರಗಿರಿ ತೀರದ ಮುಸ್ಲಿಂ ಹೆಣ್ಣುಮಕ್ಕಳ ಸಂಕಟವನ್ನು ಕನ್ನಡ ನಾಡಿಗೆಲ್ಲ ಕೇಳಿಸಿದ, ಮಲಯಾಳಂನಿಂದ ಕನ್ನಡಕ್ಕೆ ಪುಸ್ತಕಗಳನ್ನು ತಂದ ಸಾರಾ ಅಬೂಬಕ್ಕರ್, ಅವರ ಕನ್ನಡವೂ ತೊಟ್ಟಿಲ ಕನ್ನಡವಲ್ಲ, ಶಾಲೆಯ ಕನ್ನಡ. ತಾಯ್ನುಡಿಯೊಂದೇ ಅರ್ಹತೆ ಎಂದಿದ್ದರೆ ಈ ಮೂವರೂ ಕನ್ನಡದ ಹೊರಗೇ ಇರಬೇಕಿತ್ತು.

ಸಿನಿಮಾದಲ್ಲಿ ಆ ವಾದ ಮಾಡುವ ಅನಂತ ನಾಗ್ ಅವರೇ ಕೊಂಕಣಿ ಮನೆತನದವರು, ಮುಂಬಯಿಯ ರಂಗಭೂಮಿಯಲ್ಲಿ ಕೊಂಕಣಿ, ಮರಾಠಿ ನಾಟಕ ಆಡಿ ಬೆಳೆದವರು. ಭುಜಂಗನಾಗಿ ನಮ್ಮನ್ನು ನಗಿಸುವ ಪ್ರಕಾಶ್ ತುಮಿನಾಡು ತುಳು ರಂಗಭೂಮಿಯಿಂದ ಬಂದವರು. ಪರದೆಯ ಮೇಲೆ ಕಾಣುವ ಕನ್ನಡವನ್ನು ಕಟ್ಟಿದವರೇ ಬೇರೆ ಬೇರೆ ಮನೆ ಮಾತಿನವರು. ಪರದೆಯ ಮೇಲೆ ಹೇಳುವ ಮಾತು ಮಾತ್ರ ‘ಒಂದು ತಾಯಿ, ಒಂದು ನುಡಿ’ ಎಂಬಂತಿದೆ.

ಸೊಲ್ಲಾಪುರಕ್ಕೆ ಬನ್ನಿ. ಕನ್ನಡದ ಬಹು ದೊಡ್ಡ ಕವಿ ದ. ರಾ. ಬೇಂದ್ರೆ 1944ರಿಂದ 1956ರವರೆಗೆ ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಬೇಂದ್ರೆಯವರ ಮನೆ ಮಾತು ಮರಾಠಿ. ಮರಾಠಿ ಮನೆಯವರು ಮರಾಠಿ ಊರಿಗೆ ಬಂದು ಕನ್ನಡ ಕಲಿಸಿದರು! ಅದಕ್ಕೂ ಹಿಂದಕ್ಕೆ ಹೋದರೆ ಹನ್ನೆರಡನೇ ಶತಮಾನದಲ್ಲಿ ಇದೇ ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿ ಕನ್ನಡದಲ್ಲಿ ವಚನ ಹೇಳಿದ. ಇವತ್ತು ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಅವನ ನಂದಿಧ್ವಜದ ಹಿಂದೆ ಮರಾಠಿ, ಕನ್ನಡ, ತೆಲುಗು ಆಡುವ ಜನ ಸಾಲುಗಟ್ಟಿ ನಡೆಯುತ್ತಾರೆ. ಅದೇ ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ಬರೆದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಚಿಕ್ಕಂದಿನಲ್ಲಿ ಶಾಲೆ ಕಲಿತದ್ದು ಮರಾಠಿಯಲ್ಲಿ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠಕ್ಕೆ ಬಂದ ಮೊದಲ ಹೆಣ್ಣುಮಗಳು ಅವರೇ. ಒಬ್ಬರು ಮನೆಯಲ್ಲಿ ಮರಾಠಿ ಆಡಿ ಕನ್ನಡಕ್ಕೆ ಬಂದವರು, ಇನ್ನೊಬ್ಬರು ಶಾಲೆಯಲ್ಲಿ ಮರಾಠಿ ಓದಿ ಕನ್ನಡಕ್ಕೆ ಬಂದವರು. ಇಬ್ಬರಿಗೂ ಕನ್ನಡ ಬಾಗಿಲು ಮುಚ್ಚಲಿಲ್ಲ.

ನಗು ಯಾರ ಮೇಲೆ?

ಎರಡನೇ ಆಕ್ಷೇಪ ನಗುವಿನದ್ದು. ನಾನು ಈ ಸಿನಿಮಾ ಮೊದಲು ನೋಡಿದ್ದು ಊರಿಗೆ ಹೋಗಿದ್ದಾಗ, ತುಂಬಿದ ಥಿಯೇಟರಿನಲ್ಲಿ. ಪರದೆಯ ಮೇಲೆ ಯಾರಾದರೂ ಮಲಯಾಳಂ ಆಡಿದರೆ ಸಾಕು, ಮಾತು ಮುಗಿಯುವ ಮೊದಲೇ ಜನ ನಗುತ್ತಿದ್ದರು. ಮಾತಿನಲ್ಲಿ ಹಾಸ್ಯ ಇರಬೇಕೆಂದೇನೂ ಇರಲಿಲ್ಲ, ಮಲಯಾಳಂ ಎಂಬುದೇ ಹಾಸ್ಯವಾಗಿತ್ತು. ಸಿನಿಮಾ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವ ಮಲಯಾಳಿ ಯಾರು? ಶಾಲೆ ಮುಚ್ಚಿಸಲು ಹೊರಟ ಅಧಿಕಾರಿ, ಕನ್ನಡ ಬಾರದ ಮೇಷ್ಟ್ರು. ಒಬ್ಬ ಖಳ, ಇನ್ನೊಬ್ಬ ಪೆದ್ದ.

ಬ್ಯಾರಿಗಳು ಆ ನಗುವಿನಲ್ಲಿ ಸೇರಿಕೊಳ್ಳುವ ಮೊದಲು ಒಂದು ಕ್ಷಣ ಕಿವಿಗೊಡಬೇಕು. ಮಲಯಾಳಿ ‘ವಾ’ ಎಂದರೆ ನಾವು ‘ಬಾ’ ಎನ್ನುತ್ತೇವೆ, ಕನ್ನಡದವರೂ ‘ಬಾ’ ಎನ್ನುತ್ತಾರೆ. ನಮ್ಮ ಮಾತು ನಿಂತಿರುವುದು ಆ ಎರಡರ ನಡುವೆ. ಪಂಡಿತರು ಅದನ್ನು ಮಲಯಾಳಂನ ಬಳಗಕ್ಕೆ ಸೇರಿಸುತ್ತಾರೆ, ತುಳು ಮತ್ತು ಕನ್ನಡದ ನೀರು ಕುಡಿದದ್ದೂ ನಿಜ. ಪರದೆಯ ಮೇಲಿನ ಮೇಷ್ಟ್ರ ತೊದಲು ಕನ್ನಡಕ್ಕೆ ನಗುವವರು ಸರಕಾರಿ ಆಫೀಸಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಉಮ್ಮಂದಿರ ಕನ್ನಡಕ್ಕೂ ನಕ್ಕವರೇ. ನಮ್ಮ ಹಿರಿಯರ ಕನ್ನಡವನ್ನು ನಾಟಕಗಳಲ್ಲಿ, ಮಿಮಿಕ್ರಿಗಳಲ್ಲಿ ಎಷ್ಟು ವರ್ಷ ಆಡಿಕೊಂಡಿದ್ದಾರೆ ಎಂದು ಕರಾವಳಿಯ ಯಾವ ಬ್ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಿನಿಮಾದ ಮಕ್ಕಳ ಗುಂಪಿನಲ್ಲಿ ಮುಸ್ಲಿಂ ಹುಡುಗನೂ ಇದ್ದಾನೆ, ಒಳ್ಳೆಯ ಗೆಳೆಯ. ನಮಗೆ ಖುಷಿಯೇ. ಆದರೆ ಒಬ್ಬ ಹುಡುಗನನ್ನು ಗುಂಪಿನಲ್ಲಿ ಕೂರಿಸಿದ ಕೂಡಲೇ ವೈವಿಧ್ಯದ ಲೆಕ್ಕ ತೀರಿತು ಎಂದುಕೊಳ್ಳಬಾರದು. ಅವನು ಮನೆಗೆ ಹೋಗಿ ಆಡುವ ಮಾತಿಗೆ ಆ ಶಾಲೆಯ ವಾದದಲ್ಲಿ ಎಲ್ಲಿ ಜಾಗ ಎಂಬುದು ನನ್ನ ಪ್ರಶ್ನೆ.

ತನ್ನವರನ್ನೇ ನಗುವ ಹಾಸ್ಯ ಹೇಗಿರುತ್ತದೆ ಎಂಬುದಕ್ಕೆ ಮರಾಠಿಯದೇ ಉದಾಹರಣೆ ಇದೆ, ನಮಗೂ ಅದಕ್ಕೂ ನಂಟಿದೆ. 2011ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ದೇಶದ ಅತ್ಯುತ್ತಮ ಚಿತ್ರದ ಗೌರವವನ್ನು ಎರಡು ಸಿನಿಮಾಗಳು ಹಂಚಿಕೊಂಡವು. ಒಂದು ನಮ್ಮ ಭಾಷೆಯ ಮೊದಲ ಸಿನಿಮಾ ‘ಬ್ಯಾರಿ’, ಇನ್ನೊಂದು ಉಮೇಶ್ ಕುಲಕರ್ಣಿ ನಿರ್ದೇಶನದ ಮರಾಠಿಯ ‘ದೇವೂಳ’. ಅಂದು ‘ಬ್ಯಾರಿ’ಗೆ ಬಂದ ಪ್ರಶಸ್ತಿಗೆ ಹೆಮ್ಮೆಪಟ್ಟ ನಮ್ಮವರಲ್ಲಿ ಜೊತೆಗಾರ ಸಿನಿಮಾವನ್ನು ನೋಡಿದವರು ಕಡಿಮೆ. ‘ದೇವೂಳ’ದಲ್ಲಿ ದನ ಕಾಯುವ ಕೇಶ್ಯಾನಿಗೆ ಔದುಂಬರ ಮರದ ಕೆಳಗೆ ದತ್ತ ದೇವರು ಕಂಡಂತಾಗುತ್ತದೆ. ಊರಿಗೆ ಬೇಕಿದ್ದ ಆಸ್ಪತ್ರೆ ಹಿಂದೆ ಸರಿಯುತ್ತದೆ, ದೇವಸ್ಥಾನ ಏಳುತ್ತದೆ, ಅಂಗಡಿಗಳು, ರಾಜಕಾರಣಿಗಳು, ಜಾತ್ರೆ ಎಲ್ಲ ಬರುತ್ತವೆ. ನೋಡುವವರು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾರೆ. ಅಕ್ಕಲಕೋಟೆ ಸ್ವಾಮಿ ಸಮರ್ಥರ ಊರು, ಭಕ್ತರು ಅವರನ್ನು ದತ್ತಾವತಾರ ಎಂದೇ ನಂಬುತ್ತಾರೆ. ಅಲ್ಲಿಯ ಭಕ್ತರೊಬ್ಬರು ನನಗೆ ಆ ಸಿನಿಮಾದ ಕಥೆಯನ್ನು ನಗುನಗುತ್ತಾ ಹೇಳಿದ್ದರು, “ಸಾಹೇಬ್ರ, ಅದರಾಗ ದೇವ್ರಿಗೆ ಬೈದಿಲ್ಲ, ನಮಗ ಬೈದಾರ” ಎಂದರು. ಆ ಸಿನಿಮಾ ಊರಿನ ಕಷ್ಟಕ್ಕೆ ಪಕ್ಕದ ರಾಜ್ಯದವನನ್ನು ಕರೆತಂದು ಬಯ್ಯಲಿಲ್ಲ. ತಮ್ಮ ಊರಿನ ಹಣದಾಸೆ, ತಮ್ಮ ನಾಯಕರ ಲೆಕ್ಕಾಚಾರ, ತಮ್ಮ ಜನರ ಸೋಲು, ಇವನ್ನೇ ನಗುವಿಗೆ ಇಟ್ಟಿತು.

ಕನ್ನಡ ಶಾಲೆಯ ಬಗ್ಗೆ ಅಂಥ ಹಾಸ್ಯ ಮಾಡಲು ಸಾಮಗ್ರಿ ಬೇಕಾದಷ್ಟಿದೆ. ರಾಜ್ಯೋತ್ಸವದ ವೇದಿಕೆಯಲ್ಲಿ ಗಂಟಲು ಹರಿಯುವಂತೆ ಭಾಷಣ ಮಾಡಿ ಕೆಳಗಿಳಿದು ಮಗನ ಇಂಗ್ಲಿಷ್ ಶಾಲೆಯ ಫೀಸು ಕಟ್ಟಲು ಓಡುವ ಮನುಷ್ಯ ಪ್ರತಿ ಊರಿನಲ್ಲೂ ಇದ್ದಾನೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲೂ ಇದ್ದಾನೆ. ಅವನನ್ನು ಹಿಡಿದು ನಗಿಸಿದ್ದರೆ ಥಿಯೇಟರಿನಲ್ಲಿ ಸ್ವಲ್ಪ ಹೊತ್ತು ಮೌನವೂ ಇರುತ್ತಿತ್ತು.

ಖಳ ಭಾಷೆಯಲ್ಲ, ಇಲಾಖೆ

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕಾಸರಗೋಡಿನ ಕನ್ನಡಿಗರ ದೂರು ಸುಳ್ಳಲ್ಲ. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳಂ ಕಲಿಕೆ ಕಡ್ಡಾಯ ಎಂಬ ಕಾನೂನು ತಂದಾಗ ಕಾಸರಗೋಡಿನಲ್ಲಿ ಜನ ಬೀದಿಗಿಳಿದರು. ಸಿನಿಮಾ ಬಂದದ್ದು ಅದರ ಮರುವರ್ಷ. 2020ರಲ್ಲಿ ಮಹಾರಾಷ್ಟ್ರವೂ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಮಾಡಿತು. ಕರ್ನಾಟಕವೂ ಇಂಥ ಕಾನೂನು ಮಾಡಿದೆ, ಅಲ್ಲಿ ಕಡ್ಡಾಯವಾದದ್ದು ಕನ್ನಡ. ಇರುವ ರಾಜ್ಯದ ಭಾಷೆ ಕಲಿಯುವುದು ತಪ್ಪಲ್ಲ. ನನ್ನ ಮಗಳು ಮರಾಠಿ ಓದುತ್ತಾಳೆ, ಬರೆಯುತ್ತಾಳೆ, ಅವಳಿಗೆ ಲಾಭವೇ ಆಗಿದೆ. ತಪ್ಪು ನಡೆಯುವುದು ಇಲಾಖೆಯ ಮೇಜಿನ ಮೇಲೆ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರನ್ನು ಹುಡುಕುವ ತೊಂದರೆ ತೆಗೆದುಕೊಳ್ಳದೆ ಖಾಲಿ ಹುದ್ದೆಗೆ ಸಿಕ್ಕವರನ್ನು ತುಂಬುವುದು. ಶಿಕ್ಷಕರಿಲ್ಲದ ಶಾಲೆಗೆ ಮಕ್ಕಳು ಬರುವುದಿಲ್ಲ, ಮಕ್ಕಳು ಬಾರದ ಶಾಲೆಯನ್ನು ಮಕ್ಕಳಿಲ್ಲ ಎಂದು ಮುಚ್ಚುವುದು. ಈ ಕೆಲಸ ತಿರುವನಂತಪುರದಲ್ಲೂ ನಡೆಯುತ್ತದೆ, ಮುಂಬಯಿಯಲ್ಲೂ ನಡೆಯುತ್ತದೆ, ಬೆಂಗಳೂರಿನಲ್ಲೂ ನಡೆಯುತ್ತದೆ. ಕರ್ನಾಟಕದ ಒಳಗೇ ಮಕ್ಕಳು ಕಡಿಮೆ ಎಂಬ ಕಾರಣಕ್ಕೆ ಬಾಗಿಲು ಹಾಕಿದ ಸರಕಾರಿ ಕನ್ನಡ ಶಾಲೆಗಳಿಗೆ ಯಾವ ಮಲಯಾಳಿ ಅಧಿಕಾರಿ ಕಾರಣ?

2022ರ ಕೊನೆಗೆ ಗಡಿ ಗಲಾಟೆ ಎದ್ದಾಗ ಜತ್ತ, ಅಕ್ಕಲಕೋಟೆ ಕಡೆಯ ಕೆಲವು ಹಳ್ಳಿಯವರು “ನಾವು ಕರ್ನಾಟಕ ಸೇರ್ತೀವಿ” ಎಂದರು. ಟಿವಿಯವರು ಅದನ್ನು ಭಾಷಾಭಿಮಾನ ಎಂದು ತೋರಿಸಿದರು. ಹಳ್ಳಿಯವರು ಕೇಳಿದ್ದು ನೀರು, ರಸ್ತೆ. ಆ ದಿನಗಳಲ್ಲಿ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಳಿದರು, ನನ್ನ ಸರಕು ಸೊಲ್ಲಾಪುರದ ಗೋದಾಮಿನಲ್ಲೇ ಕೂತಿತು. ನೀರು, ರಸ್ತೆಯ ಬಗ್ಗೆ ಮಾತಾಡಿದವರು ಕಡಿಮೆ. ಭಾಷೆಯನ್ನು ಜಗಳಕ್ಕೆ ಮುಂದೆ ಮಾಡಿದರೆ ಇಲಾಖೆಗೆ ನೆಮ್ಮದಿ. ಸಿನಿಮಾ ಮಾಡಿದ ಉದ್ದೇಶ ಅದಲ್ಲದಿರಬಹುದು, ಆದರೆ ಅದರ ನಗು ಅದೇ ದಾರಿಗೆ ಜನರನ್ನು ಕರೆದೊಯ್ಯುತ್ತದೆ.

ತಾಯ್ನುಡಿಯ ವಾದದ ಇನ್ನೊಂದು ತೊಂದರೆ ಗಡಿಯ ಈ ಬದಿಯಲ್ಲಿ ನಿಂತರೆ ಕಾಣುತ್ತದೆ. ಅಕ್ಕಲಕೋಟೆಯ ಕನ್ನಡ ಶಾಲೆಗಾಗಿ ತಾಯ್ನುಡಿಯ ಹಕ್ಕು ಕೇಳುವವರು ನಿಪ್ಪಾಣಿ, ಖಾನಾಪುರದ ಮರಾಠಿ ಶಾಲೆಗೂ ಅದೇ ಹಕ್ಕು ಕೊಡಬೇಕು. ಮಂಗಳೂರಿನ ಉರ್ದು ಶಾಲೆಗೂ ಕೊಡಬೇಕು. ಆ ವೀಡಿಯೋಗೆ ಚಪ್ಪಾಳೆ ಒತ್ತುವವರಲ್ಲಿ ಎಷ್ಟು ಜನ ಇದನ್ನು ಒಪ್ಪುತ್ತಾರೆ? ನಮ್ಮ ಭಾಷೆಗೆ ಹಕ್ಕು, ಅವರ ಭಾಷೆಗೆ ‘ಈ ನೆಲದಲ್ಲಿದ್ದ ಮೇಲೆ ಕಲಿಯಲಿ’ ಎಂಬ ಬುದ್ಧಿವಾದ. ಇಂಥ ತಕ್ಕಡಿ ಇಟ್ಟುಕೊಂಡು ಸೊಲ್ಲಾಪುರದಲ್ಲಿ ನನಗೆ ವ್ಯಾಪಾರ ಮಾಡಲಾಗುವುದಿಲ್ಲ.

‘ಅದು ಬರೀ ಸಿನಿಮಾ’ ಎನ್ನುವವರಿಗೆ

ಕೆಲವರು ಹೇಳುತ್ತಾರೆ, ಮಕ್ಕಳ ತಮಾಷೆಯ ಸಿನಿಮಾಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಸಿನಿಮಾದವರೇ ಕೊನೆಗೆ ಕೋರ್ಟು ತಂದು ಸಂವಿಧಾನದ ಮಾತು ಆಡಿಸಿದ್ದಾರೆ. ಆ ಮಾತಿಗೆ ಜನ ಎದ್ದು ನಿಂತಿದ್ದಾರೆ. ಹಾಗಿರುವಾಗ ಆ ಮಾತನ್ನು ತೂಗಿ ನೋಡುವುದು ಅದಕ್ಕೆ ತೋರಿಸುವ ಮರ್ಯಾದೆ.

ಇನ್ನು ಕೆಲವರು ಕಾನೂನು ಬಲ್ಲವರು. ‘ತಾಯ್ನುಡಿ ಬಿಟ್ಟರೆ ಕೋರ್ಟಿನಲ್ಲಿ ಕೈಯಲ್ಲಿ ಏನು ಉಳಿಯುತ್ತದೆ? ಸಂವಿಧಾನದ 350-ಎ ವಿಧಿಯೇ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಎನ್ನುತ್ತದಲ್ಲ’ ಎನ್ನುತ್ತಾರೆ. ಸರಿಯಾದ ಪ್ರಶ್ನೆ. ಆದರೆ 2014ರಲ್ಲಿ ಕರ್ನಾಟಕದ ಭಾಷಾ ಮಾಧ್ಯಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಏನು ಹೇಳಿತು? ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ತಂದೆ ತಾಯಿ, ಸರಕಾರ ಅದನ್ನು ಹೇರುವಂತಿಲ್ಲ ಎಂದಿತು. ಆ ತೀರ್ಪಿನಿಂದ ಕನ್ನಡಕ್ಕೆ ಹೊಡೆತ ಬಿತ್ತು ಎಂದು ಹಲವರು ದುಃಖಪಟ್ಟರು, ಅದಕ್ಕೆ ಕಾರಣವೂ ಇತ್ತು. ಆದರೆ ಅದೇ ತೀರ್ಪನ್ನು ಅಕ್ಕಲಕೋಟೆಯ ಆ ಹುಡುಗನ ಕಡೆಯಿಂದ ಓದಿ. ದಖನಿ ಆಡುವ ಅವನ ಅಮ್ಮ ‘ನನ್ನ ಮಗ ಕನ್ನಡದಲ್ಲಿ ಓದಲಿ’ ಎಂದರೆ ಅದು ಅವಳ ಆಯ್ಕೆ. ಅವಳು ಯಾವ ಮನೆಯಲ್ಲಿ ಹುಟ್ಟಿದಳೆಂದು ಕೇಳಿ ಹಾಜರಿ ಪುಸ್ತಕ ತುಂಬಬೇಕಾಗಿಲ್ಲ. ಆಯ್ದುಕೊಂಡ ಭಾಷೆಗೂ ಹಕ್ಕಿದೆ. ಕನ್ನಡ ಶಾಲೆಯ ಪರವಾದ ಗಟ್ಟಿ ವಾದ ಇದೇ ಎಂದು ನನಗೆ ತೋರುತ್ತದೆ: ಇಲ್ಲಿಯ ಇಷ್ಟು ಮನೆಗಳು, ಇಷ್ಟು ಮಾತಿನವರು, ಈ ಭಾಷೆಯನ್ನು ತಮ್ಮ ಮಕ್ಕಳಿಗಾಗಿ ಆಯ್ದುಕೊಂಡಿದ್ದಾರೆ. ಅವರಿಗೆ ಶಿಕ್ಷಕರನ್ನು ಕೊಡಿ.

ಮೂರನೆಯ ಮಾತು ನಮ್ಮವರದ್ದೇ. ಈಗೀಗ ನಮ್ಮ ಯುವಕರು ಹೇಳುವುದು ಕೇಳುತ್ತೇನೆ: “ಕನ್ನಡ ನಮ್ಮದಲ್ಲ ಎಂದು ನೀವೇ ಹೇಳುತ್ತೀರಿ. ಹಾಗಾದರೆ ನಾವು ಯಾಕೆ ಕನ್ನಡ ಶಾಲೆಗೆ ಅಳಬೇಕು? ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಸಾಕು.” ಈ ಮಾತಿಗೂ ಸಿನಿಮಾದ ವಾದಕ್ಕೂ ಬೇರು ಒಂದೇ. ಸಿನಿಮಾ ಹೇಳುತ್ತದೆ, ತಾಯ್ನುಡಿಯಾದ್ದರಿಂದ ಕನ್ನಡ ಬೇಕು. ಯುವಕ ಹೇಳುತ್ತಾನೆ, ತಾಯ್ನುಡಿಯಲ್ಲದ್ದರಿಂದ ಕನ್ನಡ ಬೇಡ. ಇಬ್ಬರೂ ಭಾಷೆಯನ್ನು ರಕ್ತದ ಲೆಕ್ಕದಲ್ಲಿ ಅಳೆಯುತ್ತಿದ್ದಾರೆ.

ಆ ಯುವಕನಿಗೆ ನನ್ನದೊಂದು ಪ್ರಶ್ನೆ. ನೀನು ಬ್ಯಾರಿಯನ್ನು ಯಾವ ಅಕ್ಷರದಲ್ಲಿ ಓದುತ್ತಿ? 2007ರಲ್ಲಿ ಕರ್ನಾಟಕ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿದ ಮೇಲೆ ಬ್ಯಾರಿಯಲ್ಲಿ ಕವನ, ಕತೆ, ಗಾದೆ ಸಂಗ್ರಹ, ನಿಘಂಟು ಬಂದಿವೆ. ಅವೆಲ್ಲ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಈ ತಾಣದಲ್ಲಿ ನೀನು ಓದುವ ಬ್ಯಾರಿ ಬರಹಗಳಿರುವುದೂ ಕನ್ನಡ ಲಿಪಿಯಲ್ಲಿ. ಕನ್ನಡ ಅಕ್ಷರ ಬಾರದ ಬ್ಯಾರಿ ಮಗು ಮುಂದೆ ತನ್ನ ಉಮ್ಮನ ಮಾತನ್ನು ಓದಲಾರದು. ಆಡಬಹುದು, ಅದೂ ಒಂದು ತಲೆಮಾರು. ದುಬೈಯಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಬ್ಯಾರಿ ಸಂದೇಶವನ್ನು ಇಂಗ್ಲಿಷ್ ಅಕ್ಷರದ ಅಂದಾಜಿನಲ್ಲಿ ಟೈಪ್ ಮಾಡುತ್ತಿದ್ದಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎರಡು ಸಲ ಓದಬೇಕು. ಕನ್ನಡ ಶಾಲೆ ಮುಚ್ಚಿದರೆ ಕನ್ನಡಕ್ಕೆ ಎಷ್ಟು ನಷ್ಟವೋ, ಬ್ಯಾರಿಗೆ ಅದಕ್ಕಿಂತ ಹೆಚ್ಚು. ಕನ್ನಡಕ್ಕೆ ಬೇರೆ ಮನೆಗಳಿವೆ, ಬ್ಯಾರಿಯ ಪುಸ್ತಕಕ್ಕೆ ಇರುವುದು ಅದೊಂದೇ ಮನೆ.

ಇದಕ್ಕೆ ತಾಯ್ನುಡಿಯ ಹೆಸರು ಹೇಳಬೇಕಾಗಿಲ್ಲ. ಕನ್ನಡ ನಮಗೆ ಸಂತೆಯ ಭಾಷೆ, ಕೋರ್ಟು ಕಚೇರಿಯ ಭಾಷೆ, ನೆರೆಮನೆಯ ಭಾಷೆ, ನಮ್ಮ ಮಾತಿಗೆ ಅಕ್ಷರ ಕೊಟ್ಟ ಭಾಷೆ. ಸಾಲದೇ? ಬೇಂದ್ರೆಯವರಿಗೆ, ಕಯ್ಯಾರರಿಗೆ, ಸಾರಾ ಅವರಿಗೆ ಸಾಕಾಗಿತ್ತು.

ಹಾಗಾದರೆ ಏನು ಮಾಡೋಣ?

ಸಿನಿಮಾ ನೋಡಿ, ಮಕ್ಕಳಿಗೂ ತೋರಿಸಿ. ನಗುವ ಜಾಗದಲ್ಲಿ ನಗಲಿ. ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿ. ಆ ಶಾಲೆಯ ಯಾವ ಯಾವ ಮಕ್ಕಳ ಮನೆಯಲ್ಲಿ ಯಾವ ಯಾವ ಮಾತು ಇರಬಹುದು? ಆ ಮಲಯಾಳಿ ಮೇಷ್ಟ್ರನ್ನು ಅಲ್ಲಿಗೆ ಕಳಿಸಿದವರು ಯಾರು, ಅವರು ಪರದೆಯ ಮೇಲೆ ಎಷ್ಟು ಹೊತ್ತು ಕಾಣುತ್ತಾರೆ? ನಮ್ಮ ಊರಿನ ಕನ್ನಡ ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ? ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಸಂಜೆ ನಡೆದುಕೊಂಡು ಹೋಗಿ ಕೇಳಿ ಬನ್ನಿ.

ಜಮಾಅತಿನವರಿಗೂ ಒಂದು ಮಾತು. ನಮ್ಮ ಮೊಹಲ್ಲಾಗಳ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಸಮಿತಿ ಎಂದೊಂದಿದೆ. ಅದರ ಸಭೆಗೆ ನಮ್ಮ ಗಂಡಸರು ಹೋಗುವುದಿಲ್ಲ, ಹೆಂಗಸರನ್ನು ಕಳಿಸುವುದಿಲ್ಲ. ಶಿಕ್ಷಕರ ಹುದ್ದೆ ಖಾಲಿ ಇದ್ದರೆ ಅರ್ಜಿ ಬರೆಯಬೇಕಾದದ್ದು ಅಲ್ಲಿ. ಮಗುವನ್ನು ಇಂಗ್ಲಿಷ್ ಶಾಲೆಗೇ ಕಳಿಸುವವರು ಕಳಿಸಲಿ, ಅದು ಅವರವರ ಮನೆಯ ಲೆಕ್ಕ. ವಾರಕ್ಕೆರಡು ಸಂಜೆ ಮದ್ರಸದ ಪಾಠ ಮುಗಿದ ಮೇಲೆ ಅರ್ಧ ಗಂಟೆ ಕನ್ನಡ ಅಕ್ಷರ ಹಿಡಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಿಡಿಸಿದ ಅಕ್ಷರದಲ್ಲಿ ಮೊದಲು ಓದಿಸಬೇಕಾದದ್ದು ಒಂದು ಬ್ಯಾರಿ ಕತೆಯನ್ನು.

ಅಕ್ಕಲಕೋಟೆಯ ಆ ಹುಡುಗನಿಗೆ ನಾನು ಅಂದೇ ಉತ್ತರ ಕೊಟ್ಟೆ. “ಸಾಲಿ ನಿಂದೇ ಮಗಾ. ನೀ ದಿನಾ ಹೋಗ್ತಿ, ಅದಕ್ಕ ನಿಂದು” ಎಂದೆ. ಸಿನಿಮಾದ ಕೋರ್ಟಿನಲ್ಲಿ ಆ ಹುಡುಗನನ್ನು ಸಾಕ್ಷಿಗೆ ಕರೆಯಲಿಲ್ಲ. ಮುಂದಿನ ನವೆಂಬರ್ ಒಂದಕ್ಕೆ ನಮ್ಮ ಗುಂಪಿಗೆ ಆ ವೀಡಿಯೋ ಬಂದಾಗ ಚಪ್ಪಾಳೆಯ ಬದಲು ನಿಮ್ಮೂರ ಸರಕಾರಿ ಶಾಲೆಯ ಹೆಸರು, ಈಗಿರುವ ಮಕ್ಕಳ ಸಂಖ್ಯೆ, ಖಾಲಿ ಇರುವ ಶಿಕ್ಷಕರ ಹುದ್ದೆ, ಈ ಮೂರನ್ನು ಕನ್ನಡ ಅಕ್ಷರದಲ್ಲಿ ಬರೆದು ಹಾಕಿ. ಬ್ಯಾರಿಯಲ್ಲೇ ಬರೆಯಿರಿ, ನಮಗೆಲ್ಲ ಓದಲು ಬರುತ್ತದೆ.